ಬಂದರಿನ ಓಣಿಯಿಂದ: ಬೆನ್ನಿಗೆ ಬೀಸಿದ ಗಾಳಿ



ಊರಿನಿಂದ ನೆಂಟರು ಬಂದರೆಂದರೆ ನಮ್ಮಂಥ ಪರಸ್ಥಳದ ಕನ್ನಡಿಗರಿಗೆ ಒಂದು ಬಗೆಯ ಹುಚ್ಚು ಹಿಡಿಯುತ್ತದೆ. ಇದಕ್ಕೆ ನಾವು ‘ತೋರಿಸುವ ಹುಚ್ಚು’ ಎಂದು ಹೆಸರಿಟ್ಟಿದ್ದೇವೆ. ಬಂದವರ ಕಾಲಿಗೆ ನೀರು ಕೊಡುವ ಮೊದಲೇ ಪಟ್ಟಿ ಸಿದ್ಧವಾಗಿರುತ್ತದೆ. ಸಿಂಹಾಚಲ ಆಯಿತೇ? ಕೈಲಾಸಗಿರಿ ಆಯಿತೇ? ಕಡಲ ದಂಡೆಯ ಮೇಲೆ ನಿಲ್ಲಿಸಿರುವ ಕುರ್ಸುರಾ ಜಲಾಂತರ್ಗಾಮಿ ಆಯಿತೇ? ಅರಕು ಕಣಿವೆಗೆ ಹೋಗಿ ಬಂದದ್ದಾಯಿತೇ? ನೆಂಟರ ಕಾಲು ಸೋತರೂ ನಮಗೆ ಸಮಾಧಾನವಿಲ್ಲ. ‘ನೋಡಿ, ನಾವು ಊರು ಬಿಟ್ಟು ಬಂದು ಕೆಟ್ಟಿಲ್ಲ, ನಮ್ಮ ಈ ಊರೂ ಒಂದು ಊರೇ’ ಎಂದು ಅವರ ಬಾಯಲ್ಲಿ ಒಮ್ಮೆ ಹೇಳಿಸಿಬಿಡಬೇಕೆಂಬ ಆಸೆ. ಈ ಆಸೆ ದೊಡ್ಡ ಪಾಪವೇನೂ ಅಲ್ಲ. ಆದರೆ ಕಳೆದ ಯುಗಾದಿಯ ಮಾರನೆಯ ಭಾನುವಾರ ಇದೇ ಆಸೆಯಿಂದ ಒಂದು ಜೀವ ಹೋಗುವುದರಲ್ಲಿತ್ತು. ಆದದ್ದನ್ನು ಮುಚ್ಚಿಡದೆ ಹೇಳಿಬಿಡುವುದೇ ಲೇಸೆಂದು ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ನಮ್ಮ ಮನೆ ವಿಶಾಖಪಟ್ಟಣದ ಒನ್ ಟೌನಿನಲ್ಲಿದೆಯೆಂಬುದು ಈ ಪುಟವನ್ನು ಓದುತ್ತ ಬಂದವರಿಗೆ ಗೊತ್ತೇ ಇದೆ. ಇದು ಹಳೆಯ ಊರು. ಕುರುಪಾಂ ಮಾರುಕಟ್ಟೆ, ಹಳೆಯ ಅಂಚೆ ಕಛೇರಿ, ಇಕ್ಕಟ್ಟಾದ ಓಣಿಗಳು, ಬಂದರಿನ ದಡದಲ್ಲಿ ಸಾಲಾಗಿ ಮೂರು ಗುಡ್ಡಗಳು. ಒಂದರ ಮೇಲೆ ವೆಂಕಟೇಶ್ವರ, ಒಂದರ ಮೇಲೆ ದರ್ಗಾ, ಇನ್ನೊಂದರ ಮೇಲೆ ಮಾತೆಯ ಇಗರ್ಜಿ. ಎದುರಿಗೆ ನೀರಿನಾಚೆ ಡಾಲ್ಫಿನ್ಸ್ ನೋಸ್ ಎಂಬ ದೊಡ್ಡ ಬೆಟ್ಟ ಸಮುದ್ರಕ್ಕೆ ಮೂಗು ಚಾಚಿಕೊಂಡು ಕುಳಿತಿದೆ. ೧೯೩೩ರಲ್ಲಿ ಒಳಬಂದರು ತೆರೆಯುವವರೆಗೆ ಇಲ್ಲಿ ಹಡಗುಗಳು ದಡಕ್ಕೆ ಬರುತ್ತಿರಲಿಲ್ಲ. ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದುವು. ಜನವೂ ಸರಕೂ ಮಸೂಲ ದೋಣಿಗಳಲ್ಲಿ ಅಲೆಗಳನ್ನು ಹಾಯ್ದು ಹೋಗಬೇಕಾಗಿತ್ತು. ಮೊಳೆಯಿಲ್ಲದೆ ಹಗ್ಗದಿಂದ ಹೊಲಿದ ಹಲಗೆಯ ದೋಣಿಗಳು ಅವು. ಅಲೆ ಬಡಿದರೆ ಬಾಗುತ್ತಿದ್ದುವೇ ಹೊರತು ಒಡೆಯುತ್ತಿರಲಿಲ್ಲ. ಕಡಲಿಗೆ ಎದುರು ನಿಲ್ಲುವುದಕ್ಕಿಂತ ಬಾಗುವುದು ಲೇಸೆಂದು ಈ ಊರಿನವರಿಗೆ ಅಷ್ಟು ಹಿಂದೆಯೇ ತಿಳಿದಿತ್ತು. ಇಪ್ಪತ್ತಾರು ವರ್ಷ ಇಲ್ಲಿದ್ದೂ ತಿಳಿಯದಿದ್ದವರು ನಾವು.

ಯುಗಾದಿಗೆ ತಿಪಟೂರಿನಿಂದ ನಮ್ಮ ಭಾವಮೈದ ಬಂದಿದ್ದರು. ಜೊತೆಗೆ ಅವರ ಹೆಂಡತಿ, ಹದಿನಾಲ್ಕು ವರ್ಷದ ಮಗಳು ಮತ್ತು ನಮ್ಮ ಅತ್ತೆಯವರು. ಭಾವಮೈದ ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯರು. ಅಕ್ಕನನ್ನು ಇಷ್ಟು ದೂರ ಕೊಟ್ಟರಲ್ಲಾ ಎಂಬ ಕೊರಗು ಅವರಿಗೆ ಮದುವೆಯ ದಿನದಿಂದಲೂ ಉಂಟು. ‘ಅಲ್ಲಿ ಏನಿದೆ ಭಾವಾ, ಬಿಸಿಲು, ಮೀನಿನ ವಾಸನೆ’ ಎಂಬುದು ಅವರ ಮಾತು. ಈ ಮಾತು ನಮ್ಮ ಎದೆಯಲ್ಲಿ ಮುಳ್ಳಾಗಿ ಕುಳಿತಿತ್ತು. ಸೋಮವಾರ ಪ್ರಶಾಂತಿ ಎಕ್ಸ್‌ಪ್ರೆಸ್ಸಿಗೆ ಅವರ ಟಿಕೆಟ್ಟು. ಉಳಿದಿದ್ದುದು ಭಾನುವಾರವೊಂದೇ.

ನಮ್ಮ ಓಣಿಯ ತುದಿಯಲ್ಲಿ ನೌಕಾಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ತೆಲುಗರು, ಸಜ್ಜನರು. ನಾವೆಲ್ಲ ಅವರನ್ನು ಕ್ಯಾಪ್ಟನ್‌ಗಾರು ಎಂದೇ ಕರೆಯುತ್ತೇವೆ. ಅವರು ಮೂವತ್ತನಾಲ್ಕು ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡು ತಮ್ಮ ಕೈಯಿಂದಲೇ ದುರಸ್ತು ಮಾಡಿಕೊಂಡಿದ್ದಾರೆ. ಪಂದ್ಯದ ದೋಣಿಯಲ್ಲ, ಸಂಸಾರ ಸಮೇತ ದಿನಗಟ್ಟಲೆ ಪ್ರಯಾಣ ಮಾಡುವಂಥದು. ಒಳಗೆ ಮಲಗಲು ಹಲಗೆ, ಚಹಾ ಕಾಯಿಸಲು ಒಲೆ, ಒಂದು ಪುಟ್ಟ ಎಂಜಿನ್ನು. ನಡುವೆ ಒಂದೇ ಕೂವೆಮರ, ಅದಕ್ಕೆ ಹಿಂದೊಂದು ಮುಂದೊಂದು ಹಾಯಿ. ಅಡಿಯಲ್ಲಿ ನೀರೊಳಗೆ ಟನ್ನುಗಟ್ಟಲೆ ಭಾರದ ಲೋಹದ ರೆಕ್ಕೆ. ಗಾಳಿ ಎಷ್ಟು ವಾಲಿಸಿದರೂ ದೋಣಿ ತಂಜಾವೂರು ಬೊಂಬೆಯಂತೆ ಮತ್ತೆ ಎದ್ದು ಕೂರುವುದು ಆ ಭಾರದಿಂದ. ‘ನಿಮ್ಮ ನೆಂಟರು ಬಂದಾಗ ಹೇಳಿ, ಒಂದು ಸುತ್ತು ಹೋಗಿಬರೋಣ’ ಎಂದು ಅವರು ಬಹಳ ದಿನದಿಂದ ಹೇಳುತ್ತಿದ್ದರು.

ಶನಿವಾರ ರಾತ್ರಿ ಅವರು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯವರು ಕೊಡುವ ಕಡಲಿನ ಮುನ್ಸೂಚನೆಯನ್ನು ಫೋನಿನಲ್ಲಿ ತೋರಿಸಿದರು. ಬೆಳಿಗ್ಗೆ ಸೌಮ್ಯ, ಮಧ್ಯಾಹ್ನದಿಂದ ನೈಋತ್ಯದ ಗಾಳಿ ಬಲವಾಗುತ್ತದೆ. ‘ಋಷಿಕೊಂಡದ ತನಕ ಹೋಗೋಣ. ಹತ್ತು ಘಂಟೆಯೊಳಗೆ ತಿರುಗಿಬಿಡೋಣ’ ಎಂದರು. ನಾವು ತಲೆಯಾಡಿಸಿದೆವು. ಆದರೆ ಮನೆಗೆ ಬಂದು ನೆಂಟರಿಗೆ ಹೇಳಿದ್ದು ‘ನಾಳೆ ಭೀಮಿಲಿಗೆ ಸಮುದ್ರದ ಮೇಲೆ ಸವಾರಿ’ ಎಂದು! ಭೀಮುನಿಪಟ್ಟಣವೆಂದರೆ ಇಲ್ಲಿಂದ ಈಶಾನ್ಯಕ್ಕೆ ನೀರಿನ ಮೇಲೆ ಸುಮಾರು ಹದಿನಾಲ್ಕು ನಾವಿಕ ಮೈಲಿ. ಗೋಸ್ತನೀ ನದಿ ಸಮುದ್ರ ಸೇರುವ ಸ್ಥಳ. ಡಚ್ಚರ ಕಾಲದ ಗೋರಿಗಳಿರುವ ಹಳೆಯ ಊರು. ಋಷಿಕೊಂಡ ಅದರ ಅರ್ಧ ದಾರಿ.

ಬೆಳಿಗ್ಗೆ ಎಂಟಕ್ಕೆ ಮೀನುಗಾರಿಕೆ ಬಂದರಿನ ಕಡೆಯಿಂದ ಹೊರಟೆವು. ಅತ್ತೆಯವರು ಮತ್ತು ಭಾವಮೈದನ ಹೆಂಡತಿ ನೀರೆಂದರೆ ದೂರ. ಅವರಿಬ್ಬರೂ ಮನೆಯಲ್ಲೇ ಉಳಿದರು. ‘ಎಲ್ಲಿಗಾದರೂ ಹೋಗಿ, ಹೊತ್ತು ಮುಳುಗುವುದರೊಳಗೆ ಬನ್ನಿ’ ಎಂದಷ್ಟೇ ಅತ್ತೆಯವರು ಹೇಳಿದ್ದು. ದೋಣಿಯಲ್ಲಿ ಕ್ಯಾಪ್ಟನ್‌ಗಾರು, ಅವರಿಗೆ ನೆರವಾಗಿ ಬೆಸ್ತರ ಕೇರಿಯ ಇಪ್ಪತ್ತರ ಹುಡುಗ, ನಾವು, ನಮ್ಮ ಮನೆಯಾಕೆ, ಭಾವಮೈದ, ಅವರ ಮಗಳು, ಹೀಗೆ ಆರು ಜನ. ಬುತ್ತಿಗೆ ಚಿತ್ರಾನ್ನ, ಮೊಸರನ್ನ, ಹಬ್ಬದಲ್ಲಿ ಉಳಿದ ಒಬ್ಬಟ್ಟು. ದಡದಲ್ಲಿ ಬಲೆ ತೇಪೆ ಹಾಕುತ್ತಿದ್ದ ಮುದುಕನೊಬ್ಬ ದಕ್ಷಿಣದ ಆಕಾಶದ ಕಡೆ ಗದ್ದವೆತ್ತಿ, ‘ಮಧ್ಯಾಹ್ನ ವದ್ದು ಬಾಬೂ’ ಎಂದ. ಮಧ್ಯಾಹ್ನ ಬೇಡ ಎಂದು. ಕ್ಯಾಪ್ಟನ್‌ಗಾರು ಕೈ ಮುಗಿದರು. ನಾವು ನಕ್ಕೆವು.

ಬಂದರಿನ ಬಾವುಟದ ಕಂಬ ಬರಿದಾಗಿತ್ತು. ನಮ್ಮ ಬಂದರುಗಳಲ್ಲಿ ತೂಫಾನಿನ ಎಚ್ಚರಿಕೆಗೆ ಒಂದರಿಂದ ಹನ್ನೊಂದರವರೆಗೆ ಸಂಕೇತಗಳಿವೆ. ಒಂದು ಎಂದರೆ ದೂರದ ಕಡಲಲ್ಲಿ ವಾಯುಭಾರ ಕುಸಿದಿದೆ. ಎಂಟು, ಒಂಬತ್ತು, ಹತ್ತು ಎಂದರೆ ಮಹಾ ಅಪಾಯ. ೨೦೧೪ರ ಅಕ್ಟೋಬರ್ ೧೨ರಂದು ಹುದ್‌ಹುದ್ ತೂಫಾನು ನೇರವಾಗಿ ಈ ಊರಿನ ಮೇಲೆಯೇ ಹಾಯ್ದುದನ್ನು ಕಂಡವರು ಈ ಅಂಕೆಗಳನ್ನು ಮರೆಯಲಾರರು. ಆ ದಿನ ಕಂಬದಲ್ಲಿ ಏನೂ ಇಲ್ಲವೆಂದು ಭಾವಮೈದನಿಗೆ ತೋರಿಸಿ ಧೈರ್ಯ ಹೇಳಿದೆವು. ಆದರೆ ಆ ಸಂಕೇತಗಳು ತೂಫಾನಿಗಾಗಿ ಇರುವಂಥವು. ಬೇಸಿಗೆಯ ದಿನಗಳಲ್ಲಿ ಮಧ್ಯಾಹ್ನ ಏಳುವ ಗಾಳಿಗೆ ಬಾವುಟ ಏರಿಸುವವರಿಲ್ಲ. ಸಣ್ಣ ದೋಣಿಗೆ ಆ ಗಾಳಿಯೇ ಸಾಕು.

ಬೆಳಗಿನ ಸುಖವನ್ನು ಏನೆಂದು ಹೇಳೋಣ! ಗಾಳಿ ಬೆನ್ನಿಗೆ. ಹಾಯಿ ತುಂಬಿಕೊಂಡು ದೋಣಿ ಬಸುರಿಯಂತೆ ಗಂಭೀರವಾಗಿ ನಡೆಯುತ್ತಿತ್ತು. ಎಂಜಿನ್ನಿನ ಸದ್ದಿಲ್ಲ, ನೀರು ಹಲಗೆಗೆ ತಾಗುವ ಸಪ್ಪಳ ಮಾತ್ರ. ಎಡಗಡೆ ರಾಮಕೃಷ್ಣ ಬೀಚು, ಕುರ್ಸುರಾ, ಕೈಲಾಸಗಿರಿ ಒಂದೊಂದಾಗಿ ಮೆರವಣಿಗೆಯಂತೆ ಹಿಂದಕ್ಕೆ ಸರಿದುವು. ಹುಡುಗಿ ಹೊಸ ಮಾತುಗಳನ್ನು ಕಲಿಯತೊಡಗಿದಳು. ಲಂಗರಿಗೆ ತೆಲುಗಿನಲ್ಲೂ ಲಂಗರೇ, ಚುಕ್ಕಾಣಿಗೆ ಚುಕ್ಕಾಣಿಯೇ, ತೆಪ್ಪಕ್ಕೆ ತೆಪ್ಪವೇ, ಗಾಳಿಗೆ ಗಾಳಿಯೇ. ಹಾಯಿಗೆ ಮಾತ್ರ ಅವರು ತೆರಚಾಪ ಎನ್ನುತ್ತಾರೆ. ‘ಮಾವ, ಇವರು ಅರ್ಧ ಕನ್ನಡವೇ ಮಾತಾಡುತ್ತಾರಲ್ಲ!’ ಎಂದಳು. ಭಾವಮೈದ ಬೆಂಚಿಗೆ ಒರಗಿ, ‘ಭಾವಾ, ನಿಮ್ಮ ಊರು ಪರವಾಗಿಲ್ಲ’ ಎಂದರು. ಇಪ್ಪತ್ತಾರು ವರ್ಷಕ್ಕೆ ಮೊದಲನೆಯ ಸಲ!

ಋಷಿಕೊಂಡದ ಎದುರಿಗೆ ಬಂದಾಗ ಒಂಬತ್ತೂವರೆ. ಕ್ಯಾಪ್ಟನ್‌ಗಾರು ಗಡಿಯಾರ ನೋಡಿ, ‘ಇಲ್ಲಿಂದ ತಿರುಗೋಣವೇ?’ ಎಂದರು. ಇಲ್ಲಿ ನಾವು ಮಾಡಿದ ತಪ್ಪನ್ನು ಬಿಡಿಸಿ ಹೇಳಬೇಕು. ಕಡಲು ನಮ್ಮ ಮನೆಯ ಅಂಗಳದಂತಿತ್ತು. ಭಾವಮೈದನ ಮುಖದಲ್ಲಿ ಆಗತಾನೆ ಬೆಳಕು ಕಾಣಿಸಿಕೊಂಡಿತ್ತು. ‘ಇನ್ನೊಂದು ಘಂಟೆ ಹೋದರೆ ಭೀಮಿಲಿ ಬಂತು. ಇವರು ನಾಳೆ ಹೊರಟುಹೋಗುತ್ತಾರೆ, ಮತ್ತೆ ಯಾವಾಗ ಬರುತ್ತಾರೋ. ಗಾಳಿಯೇ ಇಲ್ಲವಲ್ಲ!’ ಎಂದೆವು. ಕ್ಯಾಪ್ಟನ್‌ಗಾರು ದಕ್ಷಿಣಕ್ಕೆ ನೋಡಿದರು, ನಮ್ಮ ನೆಂಟರ ಮುಖ ನೋಡಿದರು. ಒಂದು ಕ್ಷಣ ತಡೆದು, ‘ಸರೇ, ಹೋಗೋಣ’ ಎಂದರು. ಅವರು ಅತಿಥಿಗೆ ಇಲ್ಲವೆನ್ನಲಾರದವರು. ನಾವು ಅತಿಥಿಗೆ ಇಲ್ಲವೆನ್ನಿಸಲಾರದವರು. ಇಬ್ಬರ ದಾಕ್ಷಿಣ್ಯವೂ ಸೇರಿ ಆರು ಜನರನ್ನು ಹೊತ್ತುಕೊಂಡು ಮುಂದೆ ಸಾಗಿತು.

ಎರ್ರಮಟ್ಟಿ ದಿಬ್ಬಗಳ ಕೆಂಪು ಮಣ್ಣು ನೀರಿನಿಂದ ಬಹಳ ಚೆಲುವಾಗಿ ಕಾಣುತ್ತದೆ. ಭೀಮಿಲಿಯ ಎದುರು ಲಂಗರು ಇಳಿಸಿ ಊಟ ಮುಗಿಸಿದೆವು. ಅಷ್ಟರಲ್ಲಿ ಹನ್ನೊಂದೂ ಮುಕ್ಕಾಲು. ಲಂಗರು ಎತ್ತಿ ದೋಣಿಯ ಮೂತಿಯನ್ನು ವಿಶಾಖಪಟ್ಟಣದ ಕಡೆಗೆ ತಿರುಗಿಸಿದರೋ ಇಲ್ಲವೋ, ಯಾರೋ ಬಾಗಿಲು ತೆರೆದಂತೆ ಗಾಳಿ ಮುಖಕ್ಕೆ ಹೊಡೆಯಿತು. ನಮ್ಮ ಮನೆಯಾಕೆಯ ಛತ್ರಿ ಒಂದೇ ಹೊಡೆತಕ್ಕೆ ಸಮುದ್ರಪಾಲಾಯಿತು. ‘ಇಷ್ಟು ಹೊತ್ತು ಈ ಗಾಳಿ ಎಲ್ಲಿತ್ತು?’ ಎಂದು ಅವರು ಕೇಳಿದರು. ಇಷ್ಟು ಹೊತ್ತೂ ಅದು ನಮ್ಮ ಬೆನ್ನ ಹಿಂದೆಯೇ ಇತ್ತು.

ಇದರ ಲೆಕ್ಕವನ್ನು ಆಮೇಲೆ ನಮ್ಮ ಭಾವಮೈದನೇ ಕಾಗದದ ಮೇಲೆ ಬಿಡಿಸಿ ತೋರಿಸಿದರು. ಘಂಟೆಗೆ ಒಂದು ನಾವಿಕ ಮೈಲಿ, ಅಂದರೆ ೧.೮೫೨ ಕಿಲೋಮೀಟರು ಹೋದರೆ ಅದಕ್ಕೆ ಒಂದು ನಾಟ್ ವೇಗ ಎನ್ನುತ್ತಾರೆ. ಹೋಗುವಾಗ ಗಾಳಿ ೧೪ ನಾಟ್, ದೋಣಿ ೫ ನಾಟ್ ಎಂದಿಟ್ಟುಕೊಳ್ಳಿ. ಎರಡೂ ಒಂದೇ ದಿಕ್ಕಿಗೆ ಹೋಗುವುದರಿಂದ ಕೂತವನಿಗೆ ತಾಗುವ ಗಾಳಿ ೯ ಮಾತ್ರ. ತಿರುಗಿದರೆ ದೋಣಿಯ ವೇಗ ಕಳೆಯುವುದಿಲ್ಲ, ಕೂಡುತ್ತದೆ; ದೋಣಿ ಗಾಳಿಗೆ ಓರೆಯಾಗಿ ಸಾಗುವುದರಿಂದ ಪೂರ್ತಿಯಲ್ಲ, ಒಂದು ಪಾಲು ಮಾತ್ರ. ಅದೇ ಗಾಳಿ ೧೭ ಆಗುತ್ತದೆ. ಗಾಳಿಯ ಒತ್ತಡವೋ ವೇಗದ ವರ್ಗದಂತೆ ಬೆಳೆಯುವಂಥದು. ಒಂಬತ್ತರ ವರ್ಗ ೮೧. ಹದಿನೇಳರ ವರ್ಗ ೨೮೯. ಗಾಳಿ ಒಂದಿಷ್ಟೂ ಹೆಚ್ಚದಿದ್ದರೂ ಬರಿಯ ಮುಖ ತಿರುಗಿಸಿದ್ದಕ್ಕೆ ಮೂರೂವರೆ ಪಟ್ಟು! ಆ ದಿನ ಗಾಳಿಯೂ ೨೨ಕ್ಕೆ ಏರಿತ್ತು. ತಾಗಿದ್ದು ೨೫, ಅದರ ವರ್ಗ ೬೨೫. ಬೆಳಿಗ್ಗೆಯ ಸುಖಕ್ಕೆ ಸುಮಾರು ಎಂಟು ಪಟ್ಟು ಕಷ್ಟ. ‘ಭಾವಾ, ಬೆನ್ನಿಗೆ ಬೀಸುವ ಗಾಳಿಯನ್ನು ನಂಬಬಾರದು, ಅದು ತನ್ನ ಅಳತೆಯನ್ನು ಮುಚ್ಚಿಡುತ್ತದೆ’ ಎಂದರು. ಗಣಿತದ ಮೇಷ್ಟರ ಬಾಯಿಂದ ಬಂದರೂ ಇದು ಗಣಿತಕ್ಕೆ ಮಾತ್ರ ಸಂಬಂಧಪಟ್ಟದ್ದೆಂದು ನಮಗೆ ತೋರಲಿಲ್ಲ.

ಇನ್ನೊಂದು ತೊಡಕು. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಆಗುಂಬೆಯ ಘಾಟಿಯನ್ನು ಬಸ್ಸು ನೆಟ್ಟಗೆ ಏರುತ್ತದೆಯೇ? ಸುತ್ತು ಹಾಕಿ, ತಿರುವು ತಿರುಗಿ ಏರಬೇಕು. ಇಲ್ಲಿಯೂ ಹಾಗೆಯೇ. ಒಮ್ಮೆ ಕಡಲಿನೊಳಕ್ಕೆ ಓರೆಯಾಗಿ, ಒಮ್ಮೆ ದಡದ ಕಡೆಗೆ ಓರೆಯಾಗಿ ಸಾಗಬೇಕು. ಹದಿನಾಲ್ಕು ಮೈಲಿ ಇಪ್ಪತ್ತಕ್ಕೂ ಮೀರುತ್ತದೆ. ಸಾಲದುದಕ್ಕೆ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಈ ಕರಾವಳಿಯ ಉದ್ದಕ್ಕೂ ಸಮುದ್ರದ ಹರಿವು ಉತ್ತರಕ್ಕೆ ಇರುತ್ತದೆ. ಬೆಳಿಗ್ಗೆ ನಮಗೆ ಅರಿಯದೆ ನಮ್ಮನ್ನು ತಳ್ಳಿದ ಹರಿವು ಈಗ ನಮಗೆ ಅರಿಯದೆ ಹಿಂದಕ್ಕೆ ಎಳೆಯತೊಡಗಿತು. ಒಂದು ಘಂಟೆ ಹೋರಾಡಿ ದಡ ನೋಡಿದರೆ ಕೆಂಪು ದಿಬ್ಬ ಇನ್ನೂ ಅಲ್ಲೇ ಇದೆ!

ದೊಡ್ಡ ಹಾಯಿಯನ್ನು ಕುಗ್ಗಿಸಬೇಕಾಗಿತ್ತು. ‘ಕುಗ್ಗಿಸಬೇಕೇ ಎಂದು ಮನಸ್ಸಿಗೆ ಬಂದ ಕೂಡಲೇ ಕುಗ್ಗಿಸಬೇಕು, ಆಮೇಲೆ ಎಂದರೆ ತಡವಾಗುತ್ತದೆ’ ಎಂಬುದು ನಾವಿಕರ ಹಳೆಯ ನೀತಿಯಂತೆ. ಕ್ಯಾಪ್ಟನ್‌ಗಾರು ಚುಕ್ಕಾಣಿ ಹಿಡಿದು ದೋಣಿಯನ್ನು ಸ್ವಲ್ಪ ಗಾಳಿಗೆ ಬಗ್ಗಿಸಿದರು. ಹುಡುಗ ಕೂವೆಮರದ ಬಳಿಗೆ ಹೋಗಿ ಹಾಯಿಯನ್ನು ಒಂದಾಳು ಇಳಿಸಿ ಕಟ್ಟತೊಡಗಿದ. ನಮ್ಮೆಲ್ಲರ ಮೈಮೇಲೂ ತೇಲಂಗಿ ಇತ್ತು. ಸೊಂಟದ ಹಗ್ಗವನ್ನು ದೋಣಿಗೆ ಸಿಕ್ಕಿಸಿಕೊಳ್ಳದೆ ಯಾರೂ ಏಳಕೂಡದೆಂದು ಅಪ್ಪಣೆಯಾಗಿತ್ತು. ಭಾವಮೈದನಿಗೆ ಆ ಹೊತ್ತಿಗೆ ಹೊಟ್ಟೆ ತೊಳಸುತ್ತಿತ್ತು. ಮಗಳ ಎದುರು ವಾಂತಿ ಮಾಡುವುದಕ್ಕೆ ನಾಚಿಕೆ. ಒಳ್ಳೆಯ ಮನುಷ್ಯ, ಮರ್ಯಾದಸ್ಥ. ಯಾರಿಗೂ ಹೇಳದೆ ಹಗ್ಗ ಬಿಚ್ಚಿಕೊಂಡು ತಗ್ಗಿದ ಮಗ್ಗುಲಿಗೆ ನಾಲ್ಕು ಹೆಜ್ಜೆ ನಡೆದರು.

ಆಗ ಒಂದು ಅಲೆ ಬಂತು. ಉಳಿದ ಅಲೆಗಳಿಗಿಂತ ದೊಡ್ಡದೇನಲ್ಲ. ಬೇರೆ ಹೊತ್ತಿನಲ್ಲಿ ಬಂತು, ಅಷ್ಟೆ. ದೋಣಿ ಜಾರಿತು. ಭಾವಮೈದ ಕುಳಿತ ಭಂಗಿಯಲ್ಲೇ ನೆಲದ ಮೇಲೆ ಜಾರಿ ಅಂಚಿನ ತಂತಿಗೆ ಹೋಗಿ ಬಡಿದರು. ಎರಡು ಕಾಲೂ ಮೊಣಕಾಲಿನವರೆಗೆ ಹೊರಗೆ. ನೀರು ಅವರ ಸೊಂಟದ ಮೇಲಿನಿಂದ ಹರಿಯಿತು. ‘ಅಪ್ಪಾ!’ ಎಂದು ಹುಡುಗಿ ಕೂಗಿದ್ದು ಈಗಲೂ ನಮ್ಮ ಕಿವಿಯಲ್ಲಿದೆ. ನಾವು ಏಳಬೇಕೆಂದುಕೊಂಡೆವು, ಕಾಲು ಏಳಲಿಲ್ಲ. ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ನಡೆದದ್ದು ಹೀಗೆಯೇ. ಎದ್ದವನು ಆ ಬೆಸ್ತರ ಹುಡುಗ. ಕೈಯಲ್ಲಿದ್ದ ಹಾಯಿಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ, ಒಂದೇ ನೆಗೆತಕ್ಕೆ ಬಂದು ಅವರ ತೇಲಂಗಿಯ ಕತ್ತಿನ ಪಟ್ಟಿಯನ್ನು ಹಿಡಿದು ಒಳಕ್ಕೆಳೆದ. ಎಳೆದು, ಅವರ ಹಗ್ಗವನ್ನು ದೋಣಿಗೆ ಸಿಕ್ಕಿಸಿ, ಮತ್ತೆ ಹೋಗಿ ಅರ್ಧಕ್ಕೆ ಬಿಟ್ಟ ಹಾಯಿಯನ್ನು ಕಟ್ಟಿದ. ಒಂದು ಮಾತೂ ಆಡಲಿಲ್ಲ.

ಆಮೇಲೆ ಐದು ಘಂಟೆ ಕಾಲ ಯಾರೂ ಹೆಚ್ಚು ಮಾತಾಡಲಿಲ್ಲ. ಭಾವಮೈದ ಮೊಣಕಾಲಿನ ಗಾಯಕ್ಕೆ ಕರ್ಚೀಫು ಕಟ್ಟಿಕೊಂಡು ನಡುಭಾಗದಲ್ಲಿ ಕುಳಿತು ದಿಗಂತವನ್ನು ನೋಡುತ್ತಿದ್ದರು. ಹಾಗೆ ನೋಡಿದರೆ ಹೊಟ್ಟೆ ಸುಮ್ಮನಾಗುತ್ತದೆ. ಒಳಗೆ ಹೋಗಿ ಮಲಗಿದರೆ ಹೆಚ್ಚಾಗುತ್ತದೆ. ನಮ್ಮ ಮನೆಯಾಕೆ ತಮ್ಮನ ಅಂಗಿಯ ತುದಿಯನ್ನು ಹಿಡಿದುಕೊಂಡವರು ದಡ ಮುಟ್ಟುವವರೆಗೆ ಬಿಡಲಿಲ್ಲ. ನಮ್ಮ ಕಡೆಗೆ ಒಮ್ಮೆಯೂ ನೋಡಲಿಲ್ಲ. ಅದೇ ನಮಗೆ ಅಲೆಗಿಂತ ಹೆಚ್ಚು ಪೆಟ್ಟು.

ಸಂಜೆ ಐದೂವರೆಗೆ ಬಂದರಿನ ತಡೆಗೋಡೆಗಳು ಕಂಡುವು. ಬಾಯಿಯ ಹತ್ತಿರ ಹಡಗುಗಳ ಓಡಾಟವಿರುವುದರಿಂದ ಎಂಜಿನ್ನಿನ ಮೇಲೆ ಒಳಹೋಗುವುದು ಕ್ರಮ. ಕ್ಯಾಪ್ಟನ್‌ಗಾರು ಎಂಜಿನ್ನು ಹಾಕಿದರು. ಐದು ನಿಮಿಷ ಓಡಿ ಕೆಮ್ಮಿ ನಿಂತಿತು. ದಿನವೆಲ್ಲ ದೋಣಿ ಕುಲುಕಿದ್ದರಿಂದ ಡೀಸೆಲ್ ತೊಟ್ಟಿಯ ತಳದಲ್ಲಿ ತಣ್ಣಗೆ ಕುಳಿತಿದ್ದ ಗಸಿಯೆಲ್ಲ ಎದ್ದು ಕಾಫಿಯ ಚರಟದಂತೆ ಸೋಸುಕಕ್ಕೆ ಮೆತ್ತಿಕೊಂಡಿತ್ತು. ಶಾಂತ ದಿನದಲ್ಲಿ ಅದು ಏಳುವುದೇ ಇಲ್ಲ. ಎಂಜಿನ್ನು ನಿಜವಾಗಿ ಬೇಕಾದ ದಿನದಲ್ಲೇ ಏಳುತ್ತದೆ. ಸೂರ್ಯ ಬೆಟ್ಟದ ಹಿಂದೆ ಇಳಿಯುತ್ತಿದ್ದ. ಕ್ಯಾಪ್ಟನ್‌ಗಾರು ಒಳಗಿಳಿದು ಸೋಸುಕ ಬದಲಾಯಿಸುವಷ್ಟು ಹೊತ್ತು ಚುಕ್ಕಾಣಿಯನ್ನು ಬೆಸ್ತರ ಹುಡುಗ ಹಿಡಿದ. ನಮ್ಮ ಸಮೀಪಕ್ಕೆ ಒಂದು ಮೀನುಗಾರರ ಮೋಟಾರು ದೋಣಿ ಬಂತು. ಏನಾಯಿತೆಂದು ಕೈಯಿಂದಲೇ ಕೇಳಿದರು. ಇವನೂ ಕೈಯಿಂದಲೇ ಹೇಳಿದ. ಅವರು ಹೋಗಲಿಲ್ಲ. ಹಗ್ಗ ಎಸೆಯುವಷ್ಟು ದೂರದಲ್ಲಿ, ನಮ್ಮ ಜೊತೆಜೊತೆಯಲ್ಲೇ ನಿಧಾನವಾಗಿ ಬರುತ್ತಿದ್ದರು. ಎಂಜಿನ್ನು ಹತ್ತಿ ನಾವು ಗೋಡೆಯ ಒಳಗೆ ಸೇರಿದ ಮೇಲೆ ವೇಗ ಹೆಚ್ಚಿಸಿ ತಮ್ಮ ಕಟ್ಟೆಗೆ ಹೊರಟುಹೋದರು. ಅವರ ಹೆಸರೇನು, ಊರೇನು, ನಮಗೆ ತಿಳಿಯದು. ಮಂಜುಗಡ್ಡೆಯಲ್ಲಿಟ್ಟ ಮೀನು ಹೊತ್ತಾದಷ್ಟೂ ಬೆಲೆ ಕಳೆದುಕೊಳ್ಳುತ್ತದೆಂಬುದು ಮಾತ್ರ ನಮಗೆ ತಿಳಿದಿತ್ತು.

ದಡದಲ್ಲಿ ನಾವು ಕ್ಯಾಪ್ಟನ್‌ಗಾರಿಗೆ ಕೈ ಮುಗಿದು, ತಪ್ಪು ನಮ್ಮದು ಎಂದೆವು. ಅವರು ಒಪ್ಪಲಿಲ್ಲ. ‘ಕೇಳುವುದು ನಿಮ್ಮ ಹಕ್ಕು. ಇಲ್ಲವೆನ್ನುವುದು ನನ್ನ ಕೆಲಸ. ಚುಕ್ಕಾಣಿ ಹಿಡಿದವನಿಗೆ ದಾಕ್ಷಿಣ್ಯ ಇರಬಾರದು’ ಎಂದರು. ಅಂದಿನಿಂದ ಅವರು ತಮ್ಮ ದೋಣಿಯ ಒಳಗೆ ಒಂದು ಸ್ಲೇಟು ತೂಗುಹಾಕಿದ್ದಾರೆ. ಹೊರಡುವ ಮೊದಲೇ ತಿರುಗುವ ಘಂಟೆಯನ್ನು ಅದರ ಮೇಲೆ ಬರೆಯುತ್ತಾರೆ. ಆಮೇಲೆ ಯಾರು ಏನು ಹೇಳಿದರೂ ಸ್ಲೇಟಿನ ಕಡೆಗೆ ಬೆರಳು ತೋರಿಸುತ್ತಾರೆ.

ಮನೆಗೆ ಬಂದಾಗ ರಾತ್ರಿ ಎಂಟು. ಅತ್ತೆಯವರು ಬಾಗಿಲಲ್ಲೇ ಕುಳಿತಿದ್ದರು. ಎಲ್ಲವನ್ನೂ ಕೇಳಿ, ಮಗನ ಮೊಣಕಾಲಿಗೆ ಅರಿಶಿನ ಹಚ್ಚುತ್ತ, ‘ಹಬ್ಬದ ದಿನ ಬೆಲ್ಲ ಆರಿಸಿಕೊಂಡು ತಿಂದಿರಿ, ಬಿಟ್ಟ ಬೇವು ಇವತ್ತು ಸಿಕ್ಕಿತು’ ಎಂದರು. ಅಷ್ಟರಮೇಲೆ ಮನೆಯಲ್ಲಿ ನಗುವಿಗೆ ದಾರಿಯಾಯಿತು.

ಆ ರಾತ್ರಿ ನಿದ್ದೆ ಬರದೆ ಒಂದು ಮಾತು ನೆನಪಾಯಿತು. ನಮ್ಮ ಕರಾವಳಿಯ ಮೊಗವೀರರು ಶ್ರಾವಣದ ನೂಲ ಹುಣ್ಣಿಮೆಯ ಹೊತ್ತಿಗೆ ಸಮುದ್ರಪೂಜೆ ಮಾಡಿ, ತೆಂಗಿನಕಾಯಿ ಹಾಲು ಅರ್ಪಿಸಿ, ಅನಂತರ ಕಡಲಿಗಿಳಿಯುವ ಪದ್ಧತಿಯುಂಟು. ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುತ್ತಿದ್ದ ಮಂಜಿಗಳು ಮಳೆಗಾಲದಲ್ಲಿ ದಡದ ಮೇಲೇ ಕೂರುತ್ತಿದ್ದುವು. ಈಗಲೂ ಯಾಂತ್ರಿಕ ಮೀನುಗಾರಿಕೆಗೆ ಪಡುವಣ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ, ಈ ಮೂಡಣ ಕರಾವಳಿಯಲ್ಲಿ ಏಪ್ರಿಲ್ ೧೫ರಿಂದ ಜೂನ್ ೧೪ರವರೆಗೆ ನಿಷೇಧವಿದೆ. ಅದು ಮುಖ್ಯವಾಗಿ ಮೀನಿನ ಸಂತಾನಕ್ಕಾಗಿ. ಕಾರಣ ಯಾವುದೇ ಇರಲಿ, ಹಿರಿಯರು ಕಡಲನ್ನು ನೋಡಿ ಪಂಚಾಂಗ ಬರೆದರು. ನಾವು ರೈಲಿನ ಟಿಕೆಟ್ಟು ನೋಡಿ ಕಡಲಿಗೆ ಪಂಚಾಂಗ ಬರೆಯಹೊರಟೆವು.

ಹಾಗೆಂದು ಕಡಲಿಗೆ ಬೆನ್ನು ಹಾಕಬೇಕೆಂದಲ್ಲ. ನಮ್ಮ ವಿಶಾಖಪಟ್ಟಣದವರೇ ಆದ ಸ್ವಾತಿ ಎಂಬ ನೌಕಾಪಡೆಯ ಅಧಿಕಾರಿ, ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ಇನ್ನೂ ನಾಲ್ವರು ಹೆಣ್ಣುಮಕ್ಕಳೊಡನೆ ‘ತಾರಿಣಿ’ ಎಂಬ ೫೫ ಅಡಿಯ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ ಬಂದರು. ೨೦೧೭ರ ಸೆಪ್ಟೆಂಬರ್ ೧೦ರಂದು ಗೋವೆಯಿಂದ ಹೊರಟವರು ೨೦೧೮ರ ಮೇ ೨೧ರಂದು ಮರಳಿದರು. ೨೫೪ ದಿನ, ೨೧,೬೦೦ ನಾವಿಕ ಮೈಲಿ. ಕೇಪ್ ಹಾರ್ನ್ ಎಂಬ ಭಯಂಕರವಾದ ಭೂಶಿರವನ್ನು ಹಾಯ್ದರು. ಕೊನೆಯ ಹಂತದಲ್ಲಿ ಚುಕ್ಕಾಣಿಯ ಯಂತ್ರ ಕೆಟ್ಟಾಗ ಏನು ಮಾಡಿದರೆಂಬುದನ್ನು ಗಮನಿಸಬೇಕು. ಊರಿನಲ್ಲಿ ಸ್ವಾಗತ ಕಾದಿದೆಯೆಂದು ನುಗ್ಗಲಿಲ್ಲ. ಮೊದಲು ಗೊತ್ತುಮಾಡದಿದ್ದ ಮಾರಿಷಸ್ ಬಂದರಿಗೆ ಹೋಗಿ ಸರಿಮಾಡಿಕೊಂಡು ಹೊರಟರು. ಅಷ್ಟು ಧೈರ್ಯವಂತರೂ ದಾರಿ ಬದಲಿಸಲು ನಾಚಲಿಲ್ಲ. ನಾವು ಅರ್ಧ ದಾರಿಯಿಂದ ಹಿಂತಿರುಗಲು ನಾಚಿದೆವು.

ಸೋಮವಾರ ರೈಲಿನಲ್ಲಿ ಭಾವಮೈದ ಕಿಟಕಿಯಿಂದ ತಲೆ ಹೊರಹಾಕಿ, ‘ಭಾವಾ, ನಿಮ್ಮ ಊರಿನ ಗಾಳಿ ಒಳ್ಳೆಯದಲ್ಲ, ಜನ ಒಳ್ಳೆಯವರು’ ಎಂದರು. ಆ ಬೆಸ್ತರ ಹುಡುಗನಿಗೆ ಕೊಡಲೆಂದು ಒಂದು ಲಕೋಟೆಯನ್ನೂ ನಮ್ಮ ಕೈಗಿಟ್ಟರು. ಹುಡುಗ ಅದನ್ನು ತೆಗೆದುಕೊಳ್ಳಲಿಲ್ಲ. ಬಹಳ ಬಲವಂತ ಮಾಡಿದ ಮೇಲೆ, ಡಬ್ಬಿಯಲ್ಲಿ ಉಳಿದಿದ್ದ ನಾಲ್ಕು ಒಬ್ಬಟ್ಟನ್ನು ಮಾತ್ರ ತೆಗೆದುಕೊಂಡ. ಲಕೋಟೆ ಹಾಗೆಯೇ ತಿಪಟೂರಿಗೆ ಹಿಂತಿರುಗಿತು. ಈಗ ತಿಪಟೂರಿನಿಂದ ವರ್ಷಕ್ಕೊಮ್ಮೆ ಆ ಹುಡುಗನ ಮನೆಗೆ ಕೊಬ್ಬರಿಯ ಚೀಲ ಕಳಿಸುವುದೆಂದು ತೀರ್ಮಾನವಾಗಿದೆ. ಮೊದಲನೆಯ ಚೀಲ ಬಂದೂ ಆಯಿತು.

ಬೇಸಿಗೆಯ ರಜಕ್ಕೆ ನಿಮ್ಮಲ್ಲಿಗೂ ನೆಂಟರು ಬರುತ್ತಾರೆ. ಮುಂಬಯಿಯಲ್ಲಿರಲಿ, ಚೆನ್ನೈಯಲ್ಲಿರಲಿ, ಗೋವೆಯಲ್ಲಿರಲಿ, ಅವರನ್ನು ನೀರಿನ ಮೇಲೆ ಕರೆದೊಯ್ಯುವ ಮನಸ್ಸಾದರೆ ಸಂತೋಷವಾಗಿ ಹೋಗಿ. ತೇಲಂಗಿ ಇಲ್ಲದ ದೋಣಿಯನ್ನು ಹತ್ತಬೇಡಿ. ಇದ್ದರೆ ಮಡಿಲಲ್ಲಿಟ್ಟುಕೊಳ್ಳದೆ ಮೈಗೆ ಹಾಕಿಕೊಳ್ಳಿ. ಹೊಟ್ಟೆ ತೊಳಸಿದರೆ ನಾಚದೆ ಹೇಳಿ. ಕುಳಿತಲ್ಲೇ ಬಕೆಟ್ಟು ಕೇಳಿ. ಎಷ್ಟು ಹೊತ್ತಿಗೆ ತಿರುಗುವುದೆಂದು ಹೊರಡುವ ಮೊದಲೇ ಕೇಳಿ ತಿಳಿದುಕೊಳ್ಳಿ. ಚುಕ್ಕಾಣಿ ಹಿಡಿದವರು ತಿರುಗೋಣವೆಂದಾಗ, ನೆಂಟರ ಮುಖ ನೋಡಬೇಡಿ. ‘ಆಗಲಿ, ತಿರುಗಿ’ ಎನ್ನಿ. ಭೀಮಿಲಿ ಅಲ್ಲಿಯೇ ಇರುತ್ತದೆ. ಭಾವಮೈದನ ಮಗಳಂತೂ ದಸರೆಯ ರಜಕ್ಕೆ ಮತ್ತೆ ಬರುತ್ತಾಳಂತೆ; ದೋಣಿ ನಡೆಸುವುದನ್ನು ಕಲಿಯಬೇಕಂತೆ. ಅವಳಪ್ಪ ಒಪ್ಪಿದ್ದಾರೆ; ಗಾಳಿ ಒಪ್ಪಿದ ದಿನ ಮಾತ್ರ ಎಂಬ ಷರತ್ತಿನ ಮೇಲೆ.